ಓವರಿ ಗಡ್ಡೆಯ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’ ಅಂತ ಬಂದರೆ ಏನರ್ಥ?

ಪ್ರಶ್ನೆ: ಡಾಕ್ಟರೇ, ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ನಮ್ಮವ್ವನಿಗೆ 54 ವರ್ಷ. ಹೋದ ವರ್ಷ ಹೊಟ್ಟೆ ಉಬ್ಬರ ಅಂತ ತೋರಿಸಿದಾಗ ಎರಡೂ ಓವರಿಯಲ್ಲಿ ಗಡ್ಡೆ ಇದೆ ಅಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗರ್ಭಚೀಲ, ಎರಡೂ ಓವರಿ ತೆಗೆದರು. ಆಮೇಲೆ ಆರು ಕಿಮೋ ಆಯಿತು. ಬಯಾಪ್ಸಿ ರಿಪೋರ್ಟಿನಲ್ಲಿ ‘ಲೋ ಗ್ರೇಡ್ ಸೀರಸ್ ಕಾರ್ಸಿನೋಮಾ, ಇಆರ್ 80 ಪರ್ಸೆಂಟ್ ಪಾಸಿಟಿವ್, ಪಿಆರ್ 30 ಪರ್ಸೆಂಟ್ ಪಾಸಿಟಿವ್’ ಅಂತಿದೆ. ಈಗ ದಿನಾ ಒಂದು ಲೆಟ್ರೋಜೋಲ್ ಗುಳಿಗೆ ಬರೆದಿದ್ದಾರೆ. ಮೆಡಿಕಲ್ ಶಾಪಿನವರು ‘ಇದು ಮಕ್ಕಳಾಗಲು ಕೊಡುವ ಗುಳಿಗೆ, ಯಾರಿಗೆ ಬೇಕಿತ್ತು?’ ಅಂದರು. ಅವತ್ತಿನಿಂದ ಅವ್ವ ಗುಳಿಗೆ ಮುಟ್ಟಿಲ್ಲ. ಓವರಿಯೇ ಇಲ್ಲ ಅಂದ ಮೇಲೆ ಹಾರ್ಮೋನ್ ಎಲ್ಲಿಂದ ಬರುತ್ತದೆ? ನಮ್ಮ ಚಿಗವ್ವನಿಗೆ 44ನೇ ವಯಸ್ಸಿನಲ್ಲಿ ಎದೆ ಕ್ಯಾನ್ಸರ್ ಆಗಿತ್ತು. ಅವರದ್ದೂ ಇಆರ್ ಪಾಸಿಟಿವ್. ‘ಒಳ್ಳೆಯ ಜಾತಿದು’ ಅಂದಿದ್ದರು. ಇದೂ ಹಾಗೇನಾ? ಜಾತ್ರೆ, ಮದುವೆ ಬಂದಾಗೆಲ್ಲ ಅವ್ವ ಮುಟ್ಟು ಮುಂದಕ್ಕೆ ಹಾಕುವ ಗುಳಿಗೆ ತಗೊಳ್ಳುತ್ತಿದ್ದರು. ಅದರಿಂದಲೇ ಬಂತಾ? ಅಗಸಿ ಚಟ್ನಿಯಲ್ಲೂ ಹೆಣ್ಣು ಹಾರ್ಮೋನ್ ಇದೆ ಅಂತ ಯಾರೋ ಹೇಳಿ ಅದನ್ನೂ ಬಿಡಿಸಿದ್ದಾರೆ. ನನಗೆ 31 ವರ್ಷ, ಒಂದು ಮಗು ಇದೆ. ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದೇನೆ. ನಾನೂ ಬಿಡಬೇಕಾ?

ಉತ್ತರ: ಮೊದಲು ಅವ್ವ ಬಿಟ್ಟಿರುವ ಗುಳಿಗೆಯ ವಿಷಯ. ಉಳಿದದ್ದಕ್ಕೆ ಸಮಯ ಇದೆ, ಇದಕ್ಕಿಲ್ಲ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಬಿಟ್ಟಿರುವುದನ್ನು ಮುಚ್ಚಿಡದೆ ಹೇಳಿ. ಅವರು ಹೂಂ ಅಂದರೆ ಕೂಡಲೇ ಮತ್ತೆ ಶುರು ಮಾಡಿಸಿ. ತಪ್ಪಿಹೋದ ದಿನಗಳ ಗುಳಿಗೆಯನ್ನೆಲ್ಲ ಒಟ್ಟಿಗೆ ನುಂಗಿಸುವುದು ಬೇಡ.

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆ ಇವೆ. ಆದರೆ ತಳದಲ್ಲಿರುವ ಹೆದರಿಕೆ ಒಂದೇ: ಹಾರ್ಮೋನಿನಿಂದ ರೋಗ ಬಂತು, ಈಗ ಇವರು ಹಾರ್ಮೋನ್ ಗುಳಿಗೆಯನ್ನೇ ಕೊಡುತ್ತಿದ್ದಾರೆ. ಹಾಗಲ್ಲ. ಲೆಟ್ರೋಜೋಲ್ ಹಾರ್ಮೋನ್ ಅಲ್ಲವೇ ಅಲ್ಲ. ಅದು ಹಾರ್ಮೋನ್ ತಯಾರಾಗದಂತೆ ತಡೆಯುವ ಔಷಧ.

ಮೆಡಿಕಲ್ ಶಾಪಿನವರು ಹೇಳಿದ್ದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಲೆಟ್ರೋಜೋಲ್ ಬಳಕೆಗೆ ಬಂದದ್ದು ಎದೆ ಕ್ಯಾನ್ಸರಿಗೆ. ಆಮೇಲೆ ಮಕ್ಕಳಾಗದವರಿಗೂ ಕೊಡಲು ಶುರು ಮಾಡಿದರು. ಭಾರತದಲ್ಲಿ 2011ರಲ್ಲಿ ಆ ಬಳಕೆಯನ್ನು ಸರ್ಕಾರ ನಿಲ್ಲಿಸಿತ್ತು, 2017ರಲ್ಲಿ ಮತ್ತೆ ಬಿಟ್ಟಿತು. ಈಗ ಊರೂರಿನ ಅಂಗಡಿಯಲ್ಲಿ ಈ ಗುಳಿಗೆ ಜಾಸ್ತಿ ಹೋಗುವುದು ಆ ಕಾರಣಕ್ಕೇ. ಹಾಗಾಗಿ ಅವರಿಗೆ ಅದೊಂದೇ ಗೊತ್ತು.

ಒಂದೇ ಗುಳಿಗೆ ಎರಡು ಕೆಲಸ ಹೇಗೆ ಮಾಡುತ್ತದೆ? ನಮ್ಮ ಮೈಯಲ್ಲಿ ಅರೋಮಟೇಸ್ ಎಂಬ ಕಿಣ್ವ ಇದೆ. ಗಂಡು ಹಾರ್ಮೋನ್ ಗುಂಪಿನ ವಸ್ತುಗಳನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಆಗಿ ಬದಲಿಸುವುದು ಅದರ ಕೆಲಸ. ಲೆಟ್ರೋಜೋಲ್ ಆ ಕಿಣ್ವವನ್ನು ತಡೆಯುತ್ತದೆ. ಓವರಿ ಇರುವ ಹರೆಯದ ಹೆಂಗಸಿಗೆ ಮುಟ್ಟಾದ ಮೊದಲ ದಿನಗಳಲ್ಲಿ ಐದು ದಿನ ಕೊಟ್ಟರೆ ಈಸ್ಟ್ರೋಜನ್ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಮೆದುಳು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಜಾಸ್ತಿ ಕಳಿಸುತ್ತದೆ. ಅದರ ಒತ್ತಾಯಕ್ಕೆ ಓವರಿಯಲ್ಲಿ ಅಂಡ ಬೆಳೆಯುತ್ತದೆ. ನಿಮ್ಮವ್ವನಿಗೆ ಓವರಿ ಇಲ್ಲ. ಮೆದುಳು ಎಷ್ಟು ಎಫ್‌ಎಸ್‌ಎಚ್ ಕಳಿಸಿದರೂ ಕೇಳುವವರಿಲ್ಲ. ಅವರಲ್ಲಿ ಆಗುವುದು ಈಸ್ಟ್ರೋಜನ್ ಇಳಿಯುವುದೊಂದೇ. ಅದಕ್ಕೇ ಅವರಿಗೆ ಐದು ದಿನ ಅಲ್ಲ, ಪ್ರತಿದಿನ 2.5 ಮಿಲಿಗ್ರಾಂ.

ಓವರಿ ತೆಗೆದ ಮೇಲೂ ಈಸ್ಟ್ರೋಜನ್ ಎಲ್ಲಿಂದ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಎರಡೂ ಕಿಡ್ನಿಗಳ ಮೇಲೆ ಅಡ್ರಿನಲ್ ಅನ್ನುವ ಸಣ್ಣ ಗ್ರಂಥಿಗಳಿವೆ. ಗಂಡು ಹಾರ್ಮೋನ್ ಗುಂಪಿನ ಕಚ್ಚಾ ವಸ್ತು ಅಲ್ಲಿ ತಯಾರಾಗುತ್ತದೆ. ಕೊಬ್ಬು, ಸ್ನಾಯು, ಚರ್ಮದಲ್ಲಿರುವ ಅರೋಮಟೇಸ್ ಅದನ್ನು ಈಸ್ಟ್ರೋಜನ್ ಮಾಡುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದಷ್ಟೂ ಇದು ಜಾಸ್ತಿ. ಕೆಲವು ಗಡ್ಡೆಗಳ ಒಳಗೇ ಅರೋಮಟೇಸ್ ಇರುತ್ತದೆ. ಒಟ್ಟು ಪ್ರಮಾಣ ಸಣ್ಣದೇ. ಆದರೆ ಈಸ್ಟ್ರೋಜನ್ ನೆಚ್ಚಿಕೊಂಡ ಜೀವಕೋಶಕ್ಕೆ ಅಷ್ಟು ಸಾಕು.

ಈಗ ರಿಪೋರ್ಟ್ ನೋಡೋಣ. ಇಆರ್ ಅಂದರೆ ಈಸ್ಟ್ರೋಜನ್ ರಿಸೆಪ್ಟರ್, ಪಿಆರ್ ಅಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್. ಎರಡೂ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಸಿಗುವ ಪ್ರೋಟೀನುಗಳು. ಈಸ್ಟ್ರೋಜನ್ ಬಂದು ಇಆರ್‌ಗೆ ಅಂಟಿಕೊಂಡರೆ, ಆ ಜೋಡಿ ಡಿಎನ್‌ಎ ಮೇಲೆ ಕೂತು ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಕೋಶ ಒಡೆದು ಎರಡಾಗಲು ಬೇಕಾದ ಜೀನ್‌ಗಳೂ ಅದರಲ್ಲಿವೆ. ಪಿಆರ್ ತಯಾರಿಸುವ ಜೀನೂ ಇದೆ. ಹಾಗಾಗಿ ಪಿಆರ್ ಕೂಡ ಪಾಸಿಟಿವ್ ಬಂದರೆ, ಇಆರ್ ಸುಮ್ನೆ ಕೂತಿಲ್ಲ, ಏನೋ ಕೆಲಸ ನಡೆಸಿದೆ ಅಂತ ನಾವು ಅಂದಾಜು ಮಾಡುತ್ತೇವೆ.

80 ಪರ್ಸೆಂಟ್ ಅಂದರೆ ರೋಗ ಅಷ್ಟು ಹರಡಿದೆ ಅಂತ ಅಲ್ಲ. ಹಾಗೆ ಓದಿಕೊಂಡು ಕಣ್ಣೀರು ಹಾಕಿಕೊಂಡು ಬರುವವರಿದ್ದಾರೆ. ಗಡ್ಡೆಯ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನೂರು ಕ್ಯಾನ್ಸರ್ ಕೋಶಗಳಲ್ಲಿ 80ರ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಅಂದಹಾಗೆ ಇಆರ್‌ನಲ್ಲಿ ಎರಡು ಬಗೆ ಇವೆ, ಆಲ್ಫಾ ಮತ್ತು 1996ರಲ್ಲಿ ಪತ್ತೆಯಾದ ಬೀಟಾ. ಲ್ಯಾಬಿನಲ್ಲಿ ನೋಡುವುದು ಆಲ್ಫಾ ಮಾತ್ರ. ಬೀಟಾ ಬೆಳವಣಿಗೆಗೆ ಲಗಾಮು ಹಾಕುತ್ತದೆ ಅನ್ನುವ ಸುಳಿವುಗಳಿವೆ. ಆದರೆ ಅದನ್ನು ನೋಡಿ ಚಿಕಿತ್ಸೆ ಬದಲಿಸುವ ಹಂತಕ್ಕೆ ನಾವು ಬಂದಿಲ್ಲ.

ಚಿಗವ್ವನ ರಿಪೋರ್ಟಿಗೂ ಅವ್ವನ ರಿಪೋರ್ಟಿಗೂ ಹೋಲಿಕೆ ಮಾಡುವಾಗಲೇ ಜನ ಎಡವುವುದು. ಎದೆ ಕ್ಯಾನ್ಸರಿನಲ್ಲಿ ಇಆರ್ ಸಾಲು ಬಹಳ ದೊಡ್ಡದು. ಪಾಸಿಟಿವ್ ಇದ್ದರೆ ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್ ತರಹದ ಗುಳಿಗೆಗಳು ಮರುಕಳಿಸುವ ಅಪಾಯವನ್ನು ಚೆನ್ನಾಗಿ ತಗ್ಗಿಸುತ್ತವೆ. ಓವರಿಯಲ್ಲಿ ಮೊದಲು ಓದಬೇಕಾದ್ದು ಇಆರ್ ಸಾಲಲ್ಲ, ಅದರ ಮೇಲಿನ ಸಾಲು: ಯಾವ ಬಗೆಯ ಗಡ್ಡೆ ಅಂತ. ಯಾಕಂದರೆ ಓವರಿ ಕ್ಯಾನ್ಸರ್ ಅನ್ನುವುದು ಒಂದು ರೋಗ ಅಲ್ಲ, ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವ ಹಲವು ರೋಗಗಳು.

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಹೈ ಗ್ರೇಡ್ ಸೀರಸ್. ಅದರಲ್ಲಿ ಬಹಳಷ್ಟು ಹುಟ್ಟುವುದೇ ಓವರಿಯಲ್ಲಿ ಅಲ್ಲ, ಅದರ ಪಕ್ಕದ ಅಂಡನಾಳದ ತುದಿಯಲ್ಲಿ. ಹತ್ತರಲ್ಲಿ ಸುಮಾರು ಎಂಟು ಗಡ್ಡೆಗಳಲ್ಲಿ ಇಆರ್ ಕಾಣುತ್ತದೆ. ಹಾಗಿದ್ದರೆ ಹಾರ್ಮೋನ್ ತಡೆಯುವ ಗುಳಿಗೆ ಚೆನ್ನಾಗಿ ಕೆಲಸ ಮಾಡಬೇಕಲ್ವಾ? ಮಾಡುವುದಿಲ್ಲ. ಗಡ್ಡೆ ಕುಗ್ಗುವುದು ಕೆಲವೇ ಜನರಲ್ಲಿ. ಹೊಲದಲ್ಲಿ ಕರೆಂಟಿನ ಸ್ಟಾರ್ಟರ್ ಇದೆ, ಆದರೆ ಪಂಪು ಓಡುತ್ತಿರುವುದು ಡೀಸೆಲ್ ಎಂಜಿನ್ ಮೇಲೆ ಅಂದುಕೊಳ್ಳಿ. ಕರೆಂಟ್ ತೆಗೆದರೆ ನೀರು ನಿಲ್ಲುತ್ತದಾ? ಹೈ ಗ್ರೇಡ್ ಗಡ್ಡೆಯನ್ನು ಓಡಿಸುವುದು ಕೆಟ್ಟುಹೋದ ಪಿ53 ಜೀನ್ (ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್) ಮತ್ತು ಡಿಎನ್‌ಎ ರಿಪೇರಿಯ ದೋಷಗಳು. ಅದಕ್ಕೇ ಅಲ್ಲಿ ಕಿಮೋ, ಒಲಾಪರಿಬ್ ತರಹದ ಔಷಧಗಳು ಮುಂದೆ ನಿಲ್ಲುತ್ತವೆ.

ನಿಮ್ಮವ್ವನದ್ದು ಲೋ ಗ್ರೇಡ್ ಸೀರಸ್. ಹೆಸರು ಹತ್ತಿರ, ಸ್ವಭಾವ ದೂರ. ಇದು ನಿಧಾನವಾಗಿ ಬೆಳೆಯುತ್ತದೆ. ನಿಧಾನವಾಗಿ ಒಡೆಯುವ ಕೋಶಗಳಿಗೆ ಕಿಮೋ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಈಸ್ಟ್ರೋಜನ್ ಮೇಲೆ ಇದರ ಅವಲಂಬನೆ ಹೆಚ್ಚು. ಹಾಗಾಗಿ ಇಲ್ಲಿ ಇಆರ್ ಸಾಲಿಗೆ ನಿಜವಾದ ಬೆಲೆ ಇದೆ. ಎಂಡೊಮೆಟ್ರಿಯಾಯ್ಡ್ ಬಗೆಯಲ್ಲೂ ರಿಸೆಪ್ಟರ್ ಸಾಮಾನ್ಯವಾಗಿ ಇರುತ್ತದೆ. ಕ್ಲಿಯರ್ ಸೆಲ್ ಮತ್ತು ಮ್ಯೂಸಿನಸ್ ಬಗೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. 2013ರಲ್ಲಿ ಹಲವು ದೇಶಗಳ ಸುಮಾರು 3000 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು ಬಂತು. ಎಂಡೊಮೆಟ್ರಿಯಾಯ್ಡ್ ಬಗೆಯಲ್ಲಿ ಇಆರ್ ಅಥವಾ ಪಿಆರ್ ಇದ್ದವರು, ಹೈ ಗ್ರೇಡ್ ಸೀರಸ್‌ನಲ್ಲಿ ಪಿಆರ್ ಗಟ್ಟಿಯಾಗಿ ಇದ್ದವರು ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಂಡಿತು. ಲೋ ಗ್ರೇಡ್‌ನಲ್ಲಿ ಅಂಥ ಸ್ಪಷ್ಟ ಸಂಬಂಧ ಸಿಗಲಿಲ್ಲ. ಆದ್ದರಿಂದ ‘ಒಳ್ಳೆಯ ಜಾತಿ’ ಅನ್ನುವ ಮಾತನ್ನು ನಾನು ಇಲ್ಲಿ ಆಡುವುದಿಲ್ಲ. ನಿಧಾನದ ರೋಗ, ಆದರೆ ಹಠಮಾರಿ. ವರ್ಷಗಳ ನಂತರ ಮತ್ತೆ ತಲೆ ಎತ್ತಬಹುದು. ಹಾರ್ಮೋನ್ ದಾರಿಯಲ್ಲಿ ಅದನ್ನು ಹಿಡಿದಿಡಲು ನಮಗೆ ಒಂದು ಅವಕಾಶ ಇದೆ.

ಇಡೀ ಚಿಕಿತ್ಸೆ ‘ಲೋ ಗ್ರೇಡ್’ ಎಂಬ ಎರಡು ಪದಗಳ ಮೇಲೆ ನಿಂತಿರುವುದರಿಂದ ಒಂದು ಕೆಲಸ ಮಾಡಿ. ರಿಪೋರ್ಟಿನಲ್ಲಿ ಪಿ53 ಪರೀಕ್ಷೆ ಮಾಡಿದ್ದಾರಾ ನೋಡಿ. ಲೋ ಗ್ರೇಡ್‌ನಲ್ಲಿ ಅದು ಸಹಜ ಮಾದರಿಯಲ್ಲಿ ಇರಬೇಕು. ಆ ಪರೀಕ್ಷೆ ಮಾಡಿಲ್ಲದಿದ್ದರೆ ಅಥವಾ ಅನುಮಾನ ಇದ್ದರೆ, ಲ್ಯಾಬಿನಿಂದ ಗಡ್ಡೆಯ ತುಣುಕು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆದು ಇನ್ನೊಬ್ಬ ಕ್ಯಾನ್ಸರ್ ಪೆಥಾಲಜಿಸ್ಟರಿಗೆ ತೋರಿಸಬಹುದು. ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿ, ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ ಕಳಿಸಬಹುದು. ರೋಗಿ ಓಡಾಡಬೇಕಿಲ್ಲ, ಬ್ಲಾಕ್ ಹೋದರೆ ಸಾಕು. ಹೀಗೆ ಕೇಳಿದರೆ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ. ನಾವೇ ಎಷ್ಟೋ ಸಲ ಕಳಿಸುತ್ತೇವೆ.

ಇನ್ನೊಂದು ಗೊಂದಲ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಾರ್ಮೋನನ್ನು ಹೀರುವ ಗಡ್ಡೆ ಬೇರೆ, ಹಾರ್ಮೋನನ್ನು ತಾನೇ ತಯಾರಿಸುವ ಗಡ್ಡೆ ಬೇರೆ. ಎರಡನೆಯದರಲ್ಲಿ ಗ್ರಾನ್ಯುಲೋಸಾ ಸೆಲ್ ಗಡ್ಡೆ ಮುಖ್ಯ. ಅದು ಈಸ್ಟ್ರೋಜನ್ ತಯಾರಿಸಿ ಗರ್ಭಚೀಲದ ಒಳಪದರವನ್ನು ದಪ್ಪ ಮಾಡುತ್ತದೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ‘ಅವ್ವನಿಗೆ ಮತ್ತೆ ಮುಟ್ಟು ಶುರುವಾಯಿತು, ಮೈಯಲ್ಲಿ ಇನ್ನೂ ಕಸುವಿದೆ’ ಅಂತ ನಗುತ್ತಾ ತಿಂಗಳುಗಟ್ಟಲೆ ಬಿಟ್ಟವರನ್ನು ನೋಡಿದ್ದೇನೆ. ಸರ್ಟೋಲಿ-ಲೇಡಿಗ್ ಅನ್ನುವ ಅಪರೂಪದ ಗಡ್ಡೆ ಗಂಡು ಹಾರ್ಮೋನ್ ಸುರಿಸಬಹುದು. ಆಗ ಮೀಸೆ ಗಡ್ಡ ಬರುತ್ತದೆ, ದನಿ ಒರಟಾಗುತ್ತದೆ. ನಿಮ್ಮವ್ವನ ಗಡ್ಡೆ ಈ ಗುಂಪಿನದ್ದಲ್ಲ.

ಮುಂದಿರುವ ದಾರಿಗಳು ಯಾವುವು? ಲೆಟ್ರೋಜೋಲ್ ಮುಂದುವರಿಸುವುದು ಒಂದು. ಅದರ ಹಿಂದಿರುವ ಮುಖ್ಯ ಆಧಾರ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಿಂದ 2017ರಲ್ಲಿ ಬಂದ ಅಧ್ಯಯನ. ಲೋ ಗ್ರೇಡ್ ಸೀರಸ್ ಇದ್ದ 203 ಹೆಂಗಸರಲ್ಲಿ ಆಪರೇಷನ್, ಕಿಮೋ ಮುಗಿದ ಮೇಲೆ 70 ಮಂದಿಗೆ ಹಾರ್ಮೋನ್ ತಡೆಯುವ ಚಿಕಿತ್ಸೆ ಕೊಟ್ಟಿದ್ದರು, ಉಳಿದವರನ್ನು ಗಮನದಲ್ಲಿಟ್ಟು ನೋಡಿದ್ದರು. ಚಿಕಿತ್ಸೆ ತಗೊಂಡವರಲ್ಲಿ ರೋಗ ಮತ್ತೆ ಮುಂದುವರಿಯಲು ಹಿಡಿದ ನಡುಮಟ್ಟದ ಸಮಯ ಸುಮಾರು 65 ತಿಂಗಳು, ತಗೊಳ್ಳದವರಲ್ಲಿ ಸುಮಾರು 26 ತಿಂಗಳು. ವ್ಯತ್ಯಾಸ ದೊಡ್ಡದು. ಆದರೆ ಒಟ್ಟು ಆಯುಷ್ಯದಲ್ಲಿ ಅಷ್ಟು ಖಚಿತ ವ್ಯತ್ಯಾಸ ಕಾಣಲಿಲ್ಲ. ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿ ಹಂಚಿದ ಪ್ರಯೋಗವೂ ಇದಲ್ಲ, ಹಳೆಯ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದ್ದು. ಇಷ್ಟೆಲ್ಲ ತಿಳಿದೂ ನಾನು ಇಂಥ ರೋಗಿಗಳಿಗೆ ಲೆಟ್ರೋಜೋಲ್ ಬರೆಯುತ್ತೇನೆ. ಲಾಭ ದೊಡ್ಡದಿರಬಹುದು, ಅಪಾಯ ನಿಭಾಯಿಸಬಹುದಾದದ್ದು. ಎಷ್ಟು ವರ್ಷ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕ ಇಲ್ಲ. ರೋಗ ಸುಮ್ಮನಿದ್ದು ಮೈಗೆ ಒಗ್ಗುತ್ತಿದ್ದರೆ ಮುಂದುವರಿಸುತ್ತೇವೆ.

ಏನೂ ಕೊಡದೆ ಮೂರು-ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾ ಇರುವುದು ಇನ್ನೊಂದು ದಾರಿ. ಅದು ತಪ್ಪೇನಲ್ಲ. ಆದರೆ ಡಾಕ್ಟರ್ ಜೊತೆ ಕೂತು ಆರಿಸಿಕೊಂಡದ್ದಾಗಿರಬೇಕು, ಅಂಗಡಿಯಲ್ಲಿ ಕೇಳಿದ ಮಾತಿನಿಂದ ಆದದ್ದಲ್ಲ. ಲೆಟ್ರೋಜೋಲ್ ಒಗ್ಗದಿದ್ದರೆ ಟ್ಯಾಮಾಕ್ಸಿಫೆನ್ ಇದೆ. ಅದು ಈಸ್ಟ್ರೋಜನ್ ಬಂದು ಅಂಟುವ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಗರ್ಭಚೀಲ ಇರುವವರಿಗೆ ಅದರಿಂದ ಗರ್ಭಚೀಲದ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ. ನಿಮ್ಮವ್ವನಿಗೆ ಆ ಚಿಂತೆ ಇಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಉಳಿಯುತ್ತದೆ. ರೋಗ ಮರಳಿದರೆ ಮತ್ತೆ ಆಪರೇಷನ್, ಫಲ್ವೆಸ್ಟ್ರಾಂಟ್ ಇಂಜೆಕ್ಷನ್, ಟ್ರಾಮೆಟಿನಿಬ್ ಗುಳಿಗೆ ಇವೆಲ್ಲ ಇವೆ. ಆ ಮಾತು ಈಗಲೇ ಬೇಡ.

ಲೆಟ್ರೋಜೋಲಿನ ತೊಂದರೆಗಳನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಜನ ಎರಡನೇ ಸಲ ಗುಳಿಗೆ ಬಿಡುವುದು ಇವುಗಳಿಂದಲೇ. ಮೊದಲನೆಯದು ಕೀಲು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ ಅಂತ ಬರುವವರು ಬಹಳ. ರೋಗ ಮೂಳೆಗೆ ಹೋಯಿತು ಅಂತ ಹೆದರುತ್ತಾರೆ. ಔಷಧದ ಬಿಗಿತ ಸಾಮಾನ್ಯವಾಗಿ ಎರಡೂ ಕೈಯಲ್ಲಿ ಇರುತ್ತದೆ, ಓಡಾಡಿದ ಮೇಲೆ ಸಡಿಲಾಗುತ್ತದೆ. ಒಂದೇ ಜಾಗದಲ್ಲಿ, ರಾತ್ರಿ ಎಚ್ಚರಿಸುವಂಥ ನೋವು ಇದ್ದರೆ ಬಂದು ತೋರಿಸಿ. ದಿನಾ ನಡೆಯುವುದರಿಂದ ನಿಜಕ್ಕೂ ಉಪಯೋಗ ಆಗುತ್ತದೆ. ತೀರಾ ಆಗದಿದ್ದರೆ ಕೆಲವು ವಾರ ಬಿಡುವು ಕೊಟ್ಟು ಇದೇ ಗುಂಪಿನ ಅನಾಸ್ಟ್ರೋಜೋಲ್ ಅಥವಾ ಎಕ್ಸಿಮೆಸ್ಟೇನ್‌ಗೆ ಬದಲಿಸಿ ನೋಡುತ್ತೇವೆ. ಒಬ್ಬರಿಗೆ ಒಗ್ಗದ್ದು ಇನ್ನೊಂದು ಹೆಸರಿನಲ್ಲಿ ಒಗ್ಗುವುದುಂಟು. ಆದರೆ ದಯವಿಟ್ಟು ಊರಲ್ಲಿ ‘ಗಂಟು ನೋವಿಗೆ ಒಂದು ಸೂಜಿ’ ಹಾಕಿಸಬೇಡಿ. ಅದರಲ್ಲಿ ಅನೇಕ ಸಲ ಸ್ಟಿರಾಯ್ಡ್ ಇರುತ್ತದೆ, ಮೊದಲೇ ಸವೆಯುತ್ತಿರುವ ಮೂಳೆ ಇನ್ನೂ ಸವೆಯುತ್ತದೆ. ಕಿಮೋ ಆದ ಕಿಡ್ನಿಗೆ ನೋವಿನ ಗುಳಿಗೆಗಳೂ ಒಳ್ಳೆಯದಲ್ಲ.

ಮೂಳೆಯದ್ದು ನಿಜವಾದ ಅಪಾಯ. ಈಸ್ಟ್ರೋಜನ್ ತೀರಾ ಇಳಿದರೆ ಮೂಳೆ ಟೊಳ್ಳಾಗುತ್ತದೆ, ಸುಮ್ನೆ ಬಿದ್ದರೂ ಸೊಂಟ ಮುರಿಯಬಹುದು. ಶುರುವಿನಲ್ಲೇ ಮೂಳೆಯ ಗಟ್ಟಿತನ ಅಳೆಯುವ ಒಂದು ಡೆಕ್ಸಾ ಸ್ಕ್ಯಾನ್ ಮಾಡಿಸಿ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ. ಊಟವೂ ಸೇರಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಬೇಕು. ವಿಟಮಿನ್ ಡಿ ನೋಡಿಸಿ. ಹೊಲದಲ್ಲಿ ಬಿಸಿಲಿಗೆ ದುಡಿಯುವವರಿಗೆ ಅದು ಕಡಿಮೆ ಇರುವುದಿಲ್ಲ ಅಂದುಕೊಳ್ಳಬೇಡಿ, ಮೈತುಂಬ ಸೀರೆ, ತಲೆ ಮೇಲೆ ಸೆರಗು ಇರುತ್ತದಲ್ಲ. ಮೈ ಝಳ, ಬೆವರು, ನಿದ್ದೆಗೇಡು ಆಗಬಹುದು. ಯೋನಿ ಒಣಗಿ ಉರಿಯಬಹುದು. ಅವ್ವ ಅದನ್ನು ಮಗಳಿಗೂ ಹೇಳುವುದಿಲ್ಲ, ನೀವೇ ಕೇಳಿ. ಅದಕ್ಕೆ ಹಾರ್ಮೋನ್ ಇಲ್ಲದ ಕ್ರೀಮುಗಳಿವೆ. ಈಸ್ಟ್ರೋಜನ್ ಕ್ರೀಮನ್ನು ನಮ್ಮನ್ನು ಕೇಳದೆ ಹಚ್ಚಬೇಡಿ.

ಖರ್ಚಿನ ಮಾತು ಚಿಕ್ಕದು. ಲೆಟ್ರೋಜೋಲ್ ದುಬಾರಿ ಔಷಧ ಅಲ್ಲ, ಜನೌಷಧಿ ಅಂಗಡಿಯಲ್ಲಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸ್ಕ್ಯಾನಿಗೆ, ಮುಂದೆ ಬೇಕಾದರೆ ಆಪರೇಷನ್ನಿಗೆ ಅದು ಬರುತ್ತದಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಜಾತ್ರೆಗೆ ತಗೊಂಡ ಗುಳಿಗೆಗಳಿಂದ ಬಂತಾ? ಇಲ್ಲ. ಮುಟ್ಟು ಮುಂದೂಡುವ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ನಾರೆಥಿಸ್ಟೆರಾನ್. ಅದು ಪ್ರೊಜೆಸ್ಟರಾನ್ ಗುಂಪಿನದ್ದು. ಹಬ್ಬಕ್ಕೆ ನಾಲ್ಕು ದಿನ ಅದನ್ನು ನುಂಗಿದ್ದರಿಂದ ಓವರಿ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರ ಇಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರು ಕೇಳದೆ ತಗೊಳ್ಳಬಾರದು, ಅದು ಬೇರೆ ಮಾತು. ಮುಟ್ಟು ನಿಂತ ಮೇಲೆ ವರ್ಷಗಟ್ಟಲೆ ತಗೊಳ್ಳುವ ಹಾರ್ಮೋನ್ ಚಿಕಿತ್ಸೆಗೆ ಮಾತ್ರ ಸಣ್ಣ ಸಂಬಂಧ ಇದೆ. 2015ರಲ್ಲಿ 52 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, 50ರ ಆಸುಪಾಸಿನಲ್ಲಿ ಶುರು ಮಾಡಿ ಐದು ವರ್ಷ ತಗೊಂಡ 1000 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಓವರಿ ಕ್ಯಾನ್ಸರ್ ಕಂಡಿತು. ನಿಮ್ಮವ್ವ ಅದನ್ನು ತಗೊಂಡ ಹಾಗೆ ನೀವು ಬರೆದಿಲ್ಲ. ಯಾವುದೋ ಜಾತ್ರೆಯ ವರ್ಷವನ್ನು ನೆನೆಸಿಕೊಂಡು ಅವರು ಕೊರಗುತ್ತಿದ್ದರೆ ಇದನ್ನು ಓದಿ ಹೇಳಿ.

ಅಗಸಿ ಚಟ್ನಿ ವಾಪಸ್ ಕೊಡಿ. ಅಗಸಿಯಲ್ಲಿ ಲಿಗ್ನಾನ್ ಎಂಬ ವಸ್ತುಗಳಿವೆ, ನಿಜ. ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಈಸ್ಟ್ರೋಜನ್‌ಗೆ ಸ್ವಲ್ಪ ಹೋಲುವ ವಸ್ತುಗಳಾಗಿ ಮಾಡುತ್ತವೆ. ಆದರೆ ಅವು ಬಹಳ ದುರ್ಬಲ. ಜೋಳದ ರೊಟ್ಟಿ ಜೊತೆ ಎರಡು ಚಮಚ ಚಟ್ನಿಯಿಂದ ಓವರಿ ಕ್ಯಾನ್ಸರ್ ಬೆಳೆದದ್ದಕ್ಕೆ ಯಾವ ಪುರಾವೆಯೂ ಇಲ್ಲ. ಕಿಮೋ ಆದ ಮೇಲೆ ಬಾಯಿಗೆ ರುಚಿಯಾಗಿ ಏನಾದರೂ ಹೋಗುವುದೇ ಕಷ್ಟ, ಅದನ್ನೂ ಕಿತ್ತುಕೊಳ್ಳುವುದು ಯಾಕೆ? ನಾನು ಬೇಡ ಅನ್ನುವುದು ಅಗಸಿಯ ಕ್ಯಾಪ್ಸೂಲ್, ಸೋಯಾ ಸತ್ವದ ಗುಳಿಗೆ, ‘ಹೆಂಗಸರ ಹಾರ್ಮೋನ್ ಸರಿಮಾಡುತ್ತದೆ’ ಅಂತ ಮಾರುವ ಪುಡಿಗಳಿಗೆ.

ಇನ್ನು ನಿಮ್ಮ ಗುಳಿಗೆ. ಇಲ್ಲಿ ಲೆಕ್ಕ ಉಲ್ಟಾ. ಗರ್ಭನಿರೋಧಕ ಗುಳಿಗೆಯಲ್ಲಿ ಈಸ್ಟ್ರೋಜನ್ ಇದ್ದರೂ ಅದು ಓವರಿ ಕ್ಯಾನ್ಸರ್ ಅಪಾಯವನ್ನು ಕಡಿಮೆ ಮಾಡುತ್ತದೆ. 1971ರಲ್ಲಿ ಈಜಿಪ್ಟಿನ ಡಾಕ್ಟರ್ ಮಹಮೂದ್ ಫತಲ್ಲಾ ಒಂದು ವಿಚಾರ ಮುಂದಿಟ್ಟರು: ಪ್ರತಿ ತಿಂಗಳು ಅಂಡ ಹೊರಬೀಳುವಾಗ ಓವರಿಯ ಮೇಲ್ಮೈ ಒಡೆದು ಮತ್ತೆ ಕೂಡಿಕೊಳ್ಳುತ್ತದೆ, ಆ ರಿಪೇರಿಯಲ್ಲೇ ತಪ್ಪುಗಳಿಗೆ ದಾರಿ ಆಗುತ್ತದೆ. ಬಸಿರು, ಹಾಲೂಡಿಸುವುದು, ಗುಳಿಗೆ, ಮೂರೂ ಅಂಡ ಬಿಡುಗಡೆಯನ್ನು ನಿಲ್ಲಿಸುತ್ತವೆ, ಮೂರರಲ್ಲೂ ಅಪಾಯ ತಗ್ಗುತ್ತದೆ. 2008ರಲ್ಲಿ 45 ಅಧ್ಯಯನಗಳನ್ನು ಒಟ್ಟು ಮಾಡಿದಾಗ, ಗುಳಿಗೆ ತಗೊಂಡ ಪ್ರತಿ ಐದು ವರ್ಷಕ್ಕೆ ಅಪಾಯ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದದ್ದು ಕಂಡಿತು.

ಆದರೂ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ, ಅದು ಚಿಗವ್ವ. ಅಕ್ಕನಿಗೆ ಓವರಿ, ತಂಗಿಗೆ 44ಕ್ಕೇ ಎದೆ. ಒಂದೇ ಮನೆಯಲ್ಲಿ ಹೀಗಾದಾಗ, ದೋಷ ಇದ್ದರೆ ಎದೆ, ಓವರಿ ಕ್ಯಾನ್ಸರಿನ ಅಪಾಯ ಏರಿಸುವ ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಲೇಬೇಕು. ಲೋ ಗ್ರೇಡ್ ಗಡ್ಡೆಯಲ್ಲಿ ಆ ದೋಷ ಅಪರೂಪ, ಆದರೆ ಚಿಗವ್ವನ ಕಡೆಯಿಂದ ನೋಡಿದರೂ ಪರೀಕ್ಷೆಗೆ ಕಾರಣ ಇದೆ. ಅದಕ್ಕೆ ಮೊದಲು ರಕ್ತ ಕೊಡಬೇಕಾದವರು ರೋಗ ಬಂದವರು, ಅಂದರೆ ಅವ್ವ, ಚಿಗವ್ವ ಇದ್ದರೆ ಅವರೂ. ನೀವಲ್ಲ. ಬಿಆರ್‌ಸಿಎ 1 ದೋಷ ಇದ್ದವರಲ್ಲಿ ಜೀವಮಾನದಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಓವರಿ ಕ್ಯಾನ್ಸರ್ ಬರಬಹುದು. ಎದೆಯ ಅಪಾಯ ಅದಕ್ಕಿಂತಲೂ ಜಾಸ್ತಿ. ಅಂಥವರಿಗೆ ಮಕ್ಕಳಾದ ಮೇಲೆ 35ರಿಂದ 40ರ ನಡುವೆ ಓವರಿ ಮತ್ತು ಅಂಡನಾಳ ತೆಗೆಸುವ ಸಲಹೆ ಕೊಡುತ್ತೇವೆ. ಗುಳಿಗೆ ಅವರಿಗೂ ಓವರಿಯ ಅಪಾಯ ತಗ್ಗಿಸುತ್ತದೆ, ಆದರೆ ಎದೆಯ ಮೇಲೆ ಅದರ ಪರಿಣಾಮ ಏನು ಅನ್ನುವುದನ್ನು ತೂಗಿ ನೋಡಬೇಕಾಗುತ್ತದೆ. ಫಲಿತಾಂಶ ಬರುವ ಕೆಲವು ವಾರ ಗುಳಿಗೆ ಮುಂದುವರಿಸಿದರೆ ಏನೂ ಆಗುವುದಿಲ್ಲ. ಮನಸ್ಸು ಒಪ್ಪದಿದ್ದರೆ ಅಲ್ಲಿಯವರೆಗೆ ಕಾಪರ್ ಟಿ ಹಾಕಿಸಿಕೊಳ್ಳಿ, ಅದರಲ್ಲಿ ಹಾರ್ಮೋನ್ ಇಲ್ಲ. ಅವ್ವನ ರಕ್ತದಲ್ಲಿ ದೋಷ ಸಿಕ್ಕಿದರೆ ಆಗ ನಿಮ್ಮ ಪರೀಕ್ಷೆ. ನಿಮಗೆ ಅಣ್ಣತಮ್ಮಂದಿರಿದ್ದರೆ ಅವರದ್ದೂ ಆಗಬೇಕು, ಈ ಜೀನ್ ಗಂಡಸರ ಮೂಲಕವೂ ಅವರ ಹೆಣ್ಣುಮಕ್ಕಳಿಗೆ ದಾಟುತ್ತದೆ.